ನೀರು ತಿಂದ ಹಲ್ಲು, ಎಲುಬು ಹಿಡಿದ ಸ್ಕ್ರೂ

ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಅನ್ನುವ ಮಾತು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಸೋದರಮಾವ ಅದಕ್ಕೊಂದು ಬಾಲ ಅಂಟಿಸಿದ್ದಾರೆ: ಹಲ್ಲಿದ್ದವರು ಜಾತ್ರೆಯ ಹುರಿಗಡಲೆ ತಿನ್ನಬೇಕು. ಕೆಳಗಿನ ಎರಡು ದವಡೆ ಹಲ್ಲು ಹೋದ ಮೇಲೆ ಐದಾರು ವರ್ಷ ಅವರು ಒಂದೇ ಮಗ್ಗುಲಲ್ಲಿ ಅಗಿದು ಊಟ ಮಾಡಿದರು. ಖಡಕ್ ರೊಟ್ಟಿ ಬಿಟ್ಟರು. ಶೇಂಗಾ ಬಿಟ್ಟರು. ಹೋದ ವರ್ಷ ಬೆಂಗಳೂರಿನಲ್ಲಿರುವ ಮಗ ರೊಕ್ಕ ಕಳಿಸಿದ ಮೇಲೆ ಹೋಗಿ ಎರಡು ಇಂಪ್ಲಾಂಟ್ ಹಾಕಿಸಿಕೊಂಡು ಬಂದರು. ಇಂಪ್ಲಾಂಟ್ ಅಂದರೆ ದವಡೆಯ ಎಲುಬಿನೊಳಗೆ ಟೈಟೇನಿಯಂ ಲೋಹದ ಸ್ಕ್ರೂ ಹಾಕಿ, ಅದರ ಮೇಲೆ ಹಲ್ಲು ಕೂರಿಸುವುದು.

'ಒಂದೊಂದು ಹಲ್ಲಿಗೆ ಅರ್ಧ ಎಮ್ಮಿ ರೊಕ್ಕ ಹೋತು ಅಳಿಯಾ' ಅಂದರು. ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ. 'ನಮ್ಮೂರ ನೀರು ನನ್ನ ಹಲ್ಲ ತಿಂದು ಹಾಕ್ತು. ಈ ಸ್ಕ್ರೂ ಎಷ್ಟ್ ವರ್ಷ ತಡೀತೈತಿ? ಇದನ್ನೂ ನೀರು ತಿಂತೈತೇನು?'

ಪೇಟೆಯವರಿಗೆ ಇದು ತಮಾಷೆಯ ಪ್ರಶ್ನೆ ಅನ್ನಿಸಬಹುದು. ನಮಗಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಎಷ್ಟೋ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಒಂದು ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಕುಡಿಯಬಾರದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಗ್ರಾನೈಟ್ ಬಂಡೆಯ ನೆಲ ನಮ್ಮದು. ಮಳೆ ಕಡಿಮೆ, ಬೋರ್ ಆಳ. ಬಂಡೆಯ ಸಂದಿನಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡ್ ಕರಗಿಸಿಕೊಂಡು ಮೇಲೆ ಬರುತ್ತದೆ. ಮಕ್ಕಳ ಹಲ್ಲು ಹುಟ್ಟುವ ಮೊದಲೇ, ವಸಡಿನ ಒಳಗಿರುವಾಗಲೇ, ಅದರ ಮೇಲ್ಪದರ ಕೆಡುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಕಂದು ಪಟ್ಟೆ ಹೋಗುವುದಿಲ್ಲ. ಹೆಣ್ಣು ನೋಡಲು ಬಂದವರು 'ಯಾವೂರ ನೀರು ಕುಡಿದು ಬೆಳದೀರಿ' ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ. ನೀರಿನ ಫ್ಲೋರೈಡ್ ಹಲ್ಲಿಗೆ ಮಾತ್ರವಲ್ಲ, ಎಲುಬಿಗೂ ಕೇಡು ಮಾಡುತ್ತದೆ ಎಂಬುದನ್ನು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯ ವೈದ್ಯರು 1937ರಲ್ಲೇ ಬರೆದು ತೋರಿಸಿದ್ದರು.

ಹಾಗಾಗಿ ಮಾವನ ಪ್ರಶ್ನೆ ಹಿಡಿದುಕೊಂಡು ಓದಲು ಕೂತೆ. ಉತ್ತರ ಸ್ಕ್ರೂವಿನ ಉದ್ದದಲ್ಲೂ ಇಲ್ಲ, ದಪ್ಪದಲ್ಲೂ ಇಲ್ಲ. ಅದರ ತೊಗಲಿನಲ್ಲಿದೆ. ಆ ತೊಗಲನ್ನು ಹೇಗಿಡಬೇಕು, ನುಣುಪಾಗಿಯೋ ಒರಟಾಗಿಯೋ, ಅನ್ನುವ ವಾದಕ್ಕೆ ಅರ್ಧ ಶತಮಾನದ ಇತಿಹಾಸವಿದೆ.

ಮೊದಲು ಲೋಹದ ಸಂಗತಿ. ಟೈಟೇನಿಯಂ ಗೊತ್ತಾದದ್ದು 1791ರಲ್ಲಿ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಹಳ್ಳದ ಕರಿ ಮರಳಿನಲ್ಲಿ ಅದರ ಸುಳಿವು ಹಿಡಿದರು. ನಮ್ಮ ದೇಶದಲ್ಲೂ ಅದು ಮರಳಿನಲ್ಲೇ ಇದೆ. ಕೇರಳದ ಚವರ ಕಡಲ ದಂಡೆಯ ಕರಿ ಮರಳು ಅದಕ್ಕೆ ಹೆಸರುವಾಸಿ. ಟೈಟೇನಿಯಂ ನಿಮಗೆ ಹೊಸದೇನಲ್ಲ. ಗೋಡೆಗೆ ಬಳಿಯುವ ಬಿಳಿ ಪೇಂಟಿನ ಬಿಳುಪು ಬರುವುದು ಅದರ ಆಕ್ಸೈಡಿನಿಂದ, ಅಂದರೆ ಲೋಹ ಆಮ್ಲಜನಕದ ಜೊತೆ ಕೂಡಿ ಆದ ಪದಾರ್ಥದಿಂದ.

ಇಂಪ್ಲಾಂಟ್ ಸ್ಕ್ರೂವಿನ ತೊಗಲು ಕೂಡ ಅದೇ ಆಕ್ಸೈಡ್. ಟೈಟೇನಿಯಂ ಗಾಳಿಗೆ ತಾಗಿದ ಕ್ಷಣವೇ ಮೈಮೇಲೆ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಅದು ಎಷ್ಟು ತೆಳು ಅಂದರೆ, ನಿಮ್ಮ ತಲೆಗೂದಲಿನ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿ, ಅದರಲ್ಲಿ ಒಂದು ಪಾಲು ತೆಗೆದುಕೊಂಡ ಹಾಗೆ. ಕಬ್ಬಿಣಕ್ಕೂ ಗಾಳಿ ತಾಗಿದರೆ ಪದರ ಕಟ್ಟುತ್ತದೆ, ಅದನ್ನು ತುಕ್ಕು ಅನ್ನುತ್ತೇವೆ. ತುಕ್ಕು ಉದುರುತ್ತದೆ, ಕೆಳಗಿನ ಕಬ್ಬಿಣ ಮತ್ತೆ ತುಕ್ಕು ಹಿಡಿಯುತ್ತದೆ, ನೇಗಿಲ ಕುಳ ಸವೆದ ಹಾಗೆ ಸವೆಯುತ್ತದೆ. ಟೈಟೇನಿಯಂ ಪೊರೆ ಉದುರುವುದಿಲ್ಲ. ಗೀಚಿದರೆ ಗಾಯ ಮಾಯ್ದ ಹಾಗೆ ಅದೇ ಮತ್ತೆ ಕಟ್ಟಿಕೊಳ್ಳುತ್ತದೆ. ಎಲುಬಿಗೆ ಕಾಣುವುದು ಈ ಪೊರೆ ಮಾತ್ರ. ಒಳಗಿನ ಲೋಹವನ್ನು ಎಲುಬು ಮುಟ್ಟುವುದೇ ಇಲ್ಲ.

ಎಲುಬು ಈ ಲೋಹಕ್ಕೆ ಅಂಟಿಕೊಳ್ಳುತ್ತದೆ ಎಂದು 1940ರಲ್ಲೇ ಮೂವರು ವಿಜ್ಞಾನಿಗಳು ಬೆಕ್ಕಿನ ತೊಡೆ ಎಲುಬಿನಲ್ಲಿ ನೋಡಿ ಬರೆದಿದ್ದರು. ಯಾರೂ ಅದರ ಬೆನ್ನು ಹತ್ತಲಿಲ್ಲ. 1952ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವೈದ್ಯರು ಮೊಲದ ಕಾಲಿನ ಎಲುಬಿನೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಲು ಸಣ್ಣದೊಂದು ಟೈಟೇನಿಯಂ ಕೊಳವೆ ಇಟ್ಟರು. ಸೂಕ್ಷ್ಮದರ್ಶಕದಿಂದ ಇಣುಕುವ ಕಿಟಕಿ ಅದು. ಹಲ್ಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಪ್ರಯೋಗ ಮುಗಿಯಿತು. ಕೊಳವೆ ದುಬಾರಿ, ಇನ್ನೊಂದು ಮೊಲಕ್ಕೆ ಬಳಸೋಣ ಎಂದು ಎಳೆದರೆ ಅದು ಬರಲಿಲ್ಲ. ಎಲುಬು ಅದನ್ನು ತನ್ನದು ಎಂದು ಹಿಡಿದುಕೊಂಡಿತ್ತು.

ಬೇರೆಯವರಾಗಿದ್ದರೆ ಬೈದುಕೊಂಡು ಹೊಸ ಕೊಳವೆ ತರುತ್ತಿದ್ದರು. ಅವರು ಅದನ್ನೇ ಹಿಡಿದು ಕೂತರು. ಮುಂದೆ ಗೋಥೆನ್‌ಬರ್ಗ್ ಊರಿಗೆ ಹೋಗಿ, 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬವರ ಕೆಳದವಡೆಗೆ ನಾಲ್ಕು ಸ್ಕ್ರೂ ಹಾಕಿದರು. ಹುಟ್ಟಿನಿಂದಲೇ ಸೀಳಿದ ಅಂಗುಳ, ವಕ್ರ ದವಡೆ, ಕೆಳಗೆ ಹಲ್ಲಿಲ್ಲ. ಸರಿಯಾಗಿ ಊಟ ಮಾಡಲು ಆಗದ, ಮಾತಾಡಲು ಆಗದ ಮನುಷ್ಯ. ಅವರು 2006ರಲ್ಲಿ ತೀರಿಕೊಂಡರು. ನಲವತ್ತು ವರ್ಷ ದಾಟಿದ ಆ ಸ್ಕ್ರೂಗಳು ಅಲ್ಲಿಯವರೆಗೂ ಕೆಲಸ ಮಾಡುತ್ತಲೇ ಇದ್ದವು.

ಸ್ವೀಡನ್ನಿನ ಹಲ್ಲಿನ ಪಂಡಿತರು ಮಾತ್ರ ಬಹಳ ವರ್ಷ ಇವರನ್ನು ನಂಬಲಿಲ್ಲ. ಲೋಹ ದವಡೆಯಲ್ಲಿ ನಿಲ್ಲುವುದು ಸುಳ್ಳು, ಕೀವಾಗಿ ಹೊರಗೆ ಬರುತ್ತದೆ ಎಂಬುದು ಅಂದಿನ ನಂಬಿಕೆ. 1969ರ ಒಂದು ಉಪನ್ಯಾಸದಲ್ಲಿ ಹಿರಿಯ ದಂತವೈದ್ಯರೊಬ್ಬರು ಎದ್ದು, ರೀಡರ್ಸ್ ಡೈಜೆಸ್ಟ್‌ನಲ್ಲಿ ತಮ್ಮ ಬಗ್ಗೆ ಬರೆಸಿಕೊಳ್ಳುವವರನ್ನು ನಾನು ನಂಬುವುದಿಲ್ಲ ಎಂದರಂತೆ. ಆ ಹಿರಿಯರು ಹಲ್ಲುಕಡ್ಡಿ ಪೆಟ್ಟಿಗೆಯ ಜಾಹೀರಾತಿನಲ್ಲಿದ್ದವರು. ಹಲ್ಲುಕಡ್ಡಿ ಪೆಟ್ಟಿಗೆಯ ಹಿಂದೆ ಜಾಹೀರಾತು ಕೊಡುವವರನ್ನು ನಾನೂ ನಂಬುವುದಿಲ್ಲ ಎಂದು ಬ್ರೋನೆಮಾರ್ಕ್ ತಿರುಗೇಟು ಕೊಟ್ಟರು. ಪತ್ರಿಕೆಯಲ್ಲಿ ಬಂದದ್ದನ್ನೇ ತಪ್ಪೆಂದು ತೋರಿಸುವ ಜನ ಎಲ್ಲ ಕಡೆ ಇದ್ದಾರೆ, ನಮ್ಮಂಥ ವರದಿಗಾರರಿಗೆ ಇದು ಸಮಾಧಾನ.

ಆ ಮೊದಲ ಸ್ಕ್ರೂಗಳ ಮೈ ಹೇಗಿತ್ತು? ಲೇತ್ ಮಷೀನಿನಲ್ಲಿ ತಿರುಗಿಸಿ ಕೊರೆದ ಹಾಗೇ. ಕೈಗೆ ನುಣುಪು. ದೊಡ್ಡದು ಮಾಡಿ ನೋಡಿದರೆ ಮಾತ್ರ ಟರ್ನಿಂಗಿನ ಸಣ್ಣ ಗೆರೆ. ಈ ನುಣುಪು ಸ್ಕ್ರೂ ಹಾಕಿದ ಮೇಲೆ ವಸಡು ಮುಚ್ಚಿ ಹೊಲಿದು, ಕೆಳದವಡೆಯಾದರೆ ಮೂರು ತಿಂಗಳು, ಮೇಲ್ದವಡೆಯಾದರೆ ಆರು ತಿಂಗಳು ಮುಟ್ಟದೆ ಬಿಡಬೇಕಿತ್ತು. ಬೀಜ ಬಿತ್ತಿ ಕೆದಕಬಾರದು ಅನ್ನುವ ಹಾಗೆ. ಅವರ ತಂಡ 1981ರಲ್ಲಿ ಹದಿನೈದು ವರ್ಷದ ಲೆಕ್ಕ ಹೊರಗಿಟ್ಟಿತು: ಐದರಿಂದ ಒಂಬತ್ತು ವರ್ಷ ಕಳೆದ ಸ್ಕ್ರೂಗಳಲ್ಲಿ ಕೆಳದವಡೆಯಲ್ಲಿ ನೂರಕ್ಕೆ 91, ಮೇಲ್ದವಡೆಯಲ್ಲಿ 81 ಗಟ್ಟಿಯಾಗಿ ನಿಂತಿದ್ದವು. 1982ರಲ್ಲಿ ಕೆನಡಾದ ಟೊರೊಂಟೊದಲ್ಲಿ ನಡೆದ ಸಮ್ಮೇಳನದಲ್ಲಿ ಈ ಲೆಕ್ಕ ಜಗತ್ತಿನ ಮುಂದೆ ಬಂದ ಮೇಲೆ ವಿರೋಧ ತಣ್ಣಗಾಯಿತು.

ಅದೇ 1981ರಲ್ಲಿ ಗೋಥೆನ್‌ಬರ್ಗ್‌ನವರೇ ಇನ್ನೊಂದು ಮಾತು ಬರೆದರು. ಎಲುಬು ಸ್ಕ್ರೂವನ್ನು ಒಪ್ಪಿಕೊಳ್ಳಬೇಕಾದರೆ ಆರು ಸಂಗತಿ ಸರಿಯಿರಬೇಕು: ಲೋಹ, ಅದರ ಆಕಾರ, ಅದರ ಮೇಲ್ಮೈ, ಎಲುಬಿನ ಸ್ಥಿತಿ, ವೈದ್ಯರ ಕೈ, ಮೇಲೆ ಬೀಳುವ ಭಾರ. ಮೇಲ್ಮೈ ಅನ್ನುವುದು ಆ ಪಟ್ಟಿಯಲ್ಲಿ ಸೇರಿದ್ದು ಮುಂದಿನ ಇಡೀ ಜಗಳಕ್ಕೆ ಬಾಗಿಲು.

ಜಗಳ ಯಾಕೆ ಬಂತು ಅಂದರೆ, ನುಣುಪು ಸ್ಕ್ರೂ ಎಲ್ಲ ಎಲುಬಿನಲ್ಲೂ ನಿಲ್ಲಲಿಲ್ಲ. ಮೇಲ್ದವಡೆಯ ಹಿಂಭಾಗದ ಎಲುಬು ಬೆಂಡಿನ ಹಾಗೆ ಮೆದು. 1991ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಸಾವಿರಕ್ಕೂ ಹೆಚ್ಚು ನುಣುಪು ಸ್ಕ್ರೂಗಳ ಐದು ವರ್ಷದ ಲೆಕ್ಕ ಕೊಟ್ಟರು. ಗಟ್ಟಿ ಎಲುಬಿನಲ್ಲಿ ನೂರಕ್ಕೆ 3 ಕಳೆದಿದ್ದವು. ಮೆದು ಎಲುಬಿನಲ್ಲಿ ನೂರಕ್ಕೆ 35. ಮೂರರಲ್ಲಿ ಒಂದು ಹೋಯಿತು ಅಂದ ಹಾಗೆ.

ಇಲ್ಲಿ ನಮ್ಮ ಗೌಂಡಿಗಳ ಬುದ್ಧಿ ನೆನಪಿಸಿಕೊಳ್ಳಿ. ಕಾಂಕ್ರೀಟ್ ಕಂಬ ನುಣುಪಾಗಿದ್ದರೆ ಅದರ ಮೇಲೆ ಪ್ಲಾಸ್ಟರ್ ನಿಲ್ಲುವುದಿಲ್ಲ. ಅದಕ್ಕೇ ಅವರು ಕಂಬದ ಮೈಗೆಲ್ಲ ಕಚ್ಚು ಹೊಡೆದು, ಒರಟು ಮಾಡಿ, ಆಮೇಲೆ ಗಾರೆ ಎಸೆಯುತ್ತಾರೆ. ಸ್ವಿಟ್ಜರ್ಲೆಂಡಿನವರು ಮಾಡಿದ್ದೂ ಇದನ್ನೇ. ಬರ್ನ್ ಊರಿನ ಆಂಡ್ರೆ ಶ್ರೋಡರ್ ಎಂಬ ದಂತವೈದ್ಯರು ಸ್ಟ್ರೌಮಾನ್ ಸಂಸ್ಥೆಯ ಜೊತೆ ಸೇರಿ 1970ರ ದಶಕದಲ್ಲಿ ಬೇರೆಯೇ ದಾರಿ ಹಿಡಿದರು. ಆ ಸಂಸ್ಥೆ ಹುಟ್ಟಿದ್ದು ಗಡಿಯಾರ ಮಾಡುವವರ ಕಣಿವೆಯಲ್ಲಿ, ಗಡಿಯಾರದ ಲೋಹಗಳ ಅಭ್ಯಾಸಕ್ಕೆ. ಅವರು ಕರಗಿದ ಟೈಟೇನಿಯಂ ಹನಿಗಳನ್ನು ಸ್ಕ್ರೂವಿನ ಮೇಲೆ ರಭಸದಿಂದ ಸಿಂಪಡಿಸಿ ಒರಟು ಪದರ ಕಟ್ಟಿದರು. ಒರಟು ಬಹಳೇ ಆಯಿತು ಎಂಬುದು ಆಮೇಲೆ ಗೊತ್ತಾಯಿತು.

ಎಂಬತ್ತರ ದಶಕದಲ್ಲಿ ಇನ್ನೊಂದು ಹುಚ್ಚು. ಎಲುಬಿನಲ್ಲಿರುವ ಖನಿಜದಂಥದ್ದೇ ಹೈಡ್ರಾಕ್ಸಿಅಪಟೈಟ್ ಎಂಬ ಪದಾರ್ಥವನ್ನು ಸ್ಕ್ರೂ ಮೇಲೆ ಬಳಿದರೆ ಎಲುಬು ಓಡಿ ಬಂದು ಅಂಟಿಕೊಳ್ಳುತ್ತದೆ ಎಂಬ ಲೆಕ್ಕ. ಅಂಟಿಕೊಂಡಿತು ಕೂಡ, ಬಹಳ ಬೇಗ. ತೊಂದರೆ ಶುರುವಾದದ್ದು ವರ್ಷಗಳ ಮೇಲೆ. ಎಲುಬು ಬಳಿದ ಪದರಕ್ಕೆ ಅಂಟಿತ್ತು, ಆದರೆ ಪದರ ಲೋಹಕ್ಕೆ ಸರಿಯಾಗಿ ಅಂಟಿರಲಿಲ್ಲ. ಕೆಲವು ಕಡೆ ಪದರ ಕರಗಿತು, ಕೆಲವು ಕಡೆ ಬಿರಿದು ಎದ್ದಿತು. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರನ್ನು ಕೇಳಿ ನೋಡಿ. ಅವರು ಮರಕ್ಕೆ ನೇರ ಬಣ್ಣ ಹಚ್ಚುವುದಿಲ್ಲ. ಹುಣಸೆ ಬೀಜದ ಅಂಟು ಹಾಕಿದ ಹದವಾದ ಲೇಪ ಕೊಟ್ಟು, ಅದು ಮರದ ಜೊತೆ ಒಂದಾದ ಮೇಲೆಯೇ ಬಣ್ಣ. ಅಸ್ತರ ಕೆಟ್ಟರೆ ಬಣ್ಣ ಎಷ್ಟೇ ಚಂದ ಇರಲಿ, ಹೆಕ್ಕಳಿಕೆಯಾಗಿ ಏಳುತ್ತದೆ. ದೊಡ್ಡ ದೊಡ್ಡ ಕಂಪನಿಗಳು ಈ ಪಾಠ ಕಲಿತದ್ದು ರೋಗಿಗಳ ಬಾಯಲ್ಲಿ.

ಹಾಗಾದರೆ ಮೇಲೆ ಏನೂ ಬಳಿಯುವುದು ಬೇಡ, ಲೋಹದ ಮೈಯನ್ನೇ ಒರಟು ಮಾಡೋಣ ಎಂಬ ದಾರಿ ಉಳಿಯಿತು. 1991ರಲ್ಲಿ ಬರ್ನ್‌ನ ಡೇನಿಯಲ್ ಬ್ಯೂಸರ್ ತಂಡ ಗಿಡ್ಡ ಜಾತಿಯ ಹಂದಿಗಳ ಎಲುಬಿನಲ್ಲಿ ಬೇರೆ ಬೇರೆ ಮೈಯ ಇಂಪ್ಲಾಂಟ್ ಹಾಕಿ, ಎಲುಬು ಎಷ್ಟು ಭಾಗಕ್ಕೆ ತಾಗಿದೆ ಎಂದು ಅಳೆಯಿತು. ಪಾಲಿಶ್ ಮಾಡಿದ ನುಣುಪು ಮೈಗೆ ನೂರರಲ್ಲಿ 20ರಿಂದ 25 ಭಾಗ. ಸಿಂಪಡಿಸಿದ ಒರಟು ಪದರಕ್ಕೆ 30ರಿಂದ 40. ದಪ್ಪ ಕಣದಿಂದ ಬಡಿದು ಆಮೇಲೆ ಆಮ್ಲದಲ್ಲಿ ಅದ್ದಿದ ಮೈಗೆ 50ರಿಂದ 60. ಹೈಡ್ರಾಕ್ಸಿಅಪಟೈಟ್ ಬಳಿದದ್ದಕ್ಕೆ 60ರಿಂದ 70, ಆದರೆ ಅದರ ಕಥೆ ಈಗಾಗಲೇ ಹೇಳಿದೆನಲ್ಲ.

ಬಡಿದು ಅದ್ದುವ ಆ ವಿಧಾನ 1998ರಲ್ಲಿ ಮಾರುಕಟ್ಟೆಗೆ ಬಂತು. ಕೆಲಸ ಕೇಳಿದರೆ ನಮ್ಮ ಕಬ್ಬಿಣದ ಅಂಗಡಿಯ ಸ್ಯಾಂಡ್ ಬ್ಲಾಸ್ಟಿಂಗ್ ನೆನಪಾಗುತ್ತದೆ. ಕಾಲರಿಂದ ಅರ್ಧ ಮಿಲಿಮೀಟರ್ ದಪ್ಪದ ಕುರುಂದದ ಕಲ್ಲಿನ ಕಣಗಳನ್ನು ಗಾಳಿಯ ರಭಸದಲ್ಲಿ ಸ್ಕ್ರೂ ಮೇಲೆ ಹೊಡೆಯುತ್ತಾರೆ. ಅಲ್ಲಿ ತಗ್ಗು ಬೀಳುತ್ತವೆ. ಆಮೇಲೆ ಬಿಸಿ ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲದಲ್ಲಿ ಅದ್ದುತ್ತಾರೆ. ದೊಡ್ಡ ತಗ್ಗಿನೊಳಗೆ ಮತ್ತೆ ಸಣ್ಣ ಸಣ್ಣ ಗುಳಿ ಏಳುತ್ತವೆ. ರಕ್ತದ ಹೆಪ್ಪು ಆ ಗುಳಿಗಳಿಗೆ ಬೇರು ಬಿಟ್ಟ ಹಾಗೆ ಅಂಟುತ್ತದೆ, ಎಲುಬು ಕಟ್ಟುವ ಜೀವಕೋಶಗಳು ಅದರ ಮೇಲೆ ನಡೆದು ಬಂದು ನೇರ ಲೋಹದ ಮೇಲೆಯೇ ಕೆಲಸ ಶುರು ಮಾಡುತ್ತವೆ. ಮೂರು ತಿಂಗಳ ಕಾಯುವಿಕೆ ಆರು ವಾರಕ್ಕೆ ಇಳಿಯಿತು. ಸ್ವೀಡನ್ನಿನ ಕಂಪನಿಯವರು ಹೊಸ ಶತಮಾನದ ಹೊಸ್ತಿಲಲ್ಲಿ ಬೇರೆ ದಾರಿಯಿಂದ ಅಲ್ಲಿಗೇ ಬಂದರು: ಸ್ಕ್ರೂವನ್ನು ದ್ರಾವಣದಲ್ಲಿ ಮುಳುಗಿಸಿ ಕರೆಂಟ್ ಹರಿಸಿ, ಆ ಆಕ್ಸೈಡ್ ತೊಗಲನ್ನೇ ದಪ್ಪ ಮಾಡಿ ಅದರಲ್ಲಿ ರಂಧ್ರ ಎಬ್ಬಿಸಿದರು.

ಎಷ್ಟು ಒರಟು ಸಾಕು? ಸ್ವೀಡನ್ನಿನ ಆನ್ ವೆನ್ನರ್‌ಬರ್ಗ್ ಮತ್ತು ಥಾಮಸ್ ಆಲ್ಬ್ರೆಕ್ಟ್ಸನ್ ವರ್ಷಗಟ್ಟಲೆ ಅಳೆದು ಹೇಳಿದ್ದು: ಒಂದರಿಂದ ಎರಡು ಮೈಕ್ರಾನ್. ಕೂದಲಿನ ದಪ್ಪ ಸುಮಾರು 70 ಮೈಕ್ರಾನ್, ಅದರ ಪಕ್ಕ ಇಟ್ಟು ನೋಡಿ. ಅದಕ್ಕಿಂತ ಕಡಿಮೆಯಾದರೆ ಎಲುಬಿನ ಹಿಡಿತ ಸಡಿಲ, ಅದಕ್ಕಿಂತ ಬಹಳ ಹೆಚ್ಚಾದರೂ ಲಾಭವಿಲ್ಲ. ಇವತ್ತು ಬರುವ ಹೆಚ್ಚಿನ ಇಂಪ್ಲಾಂಟ್‌ಗಳು ಈ ಹದದ ಆಸುಪಾಸಿನವು. ಬ್ಯೂಸರ್ ತಂಡ 2012ರಲ್ಲಿ 303 ರೋಗಿಗಳ 511 ಸ್ಕ್ರೂಗಳ ಹತ್ತು ವರ್ಷದ ಲೆಕ್ಕ ಕೊಟ್ಟಿತು. ನೂರಕ್ಕೆ 98.8 ಉಳಿದಿದ್ದವು.

ಈಗ ಫ್ಲೋರೈಡ್‌ಗೆ ಬರೋಣ. ಓದುವಾಗ ನನಗೆ ನಗು ಬಂದ ಜಾಗ ಇದು. ನಮ್ಮ ಹಲ್ಲಿನ ಶತ್ರು ಅದೇ ಫ್ಲೋರೈಡನ್ನು ಇಂಪ್ಲಾಂಟ್ ಕಂಪನಿಯವರು ಬೇಕೆಂದೇ ಸ್ಕ್ರೂವಿಗೆ ಹಚ್ಚಿದ್ದಾರೆ! ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯದ ಎಲ್ಲಿಂಗ್ಸನ್ 1995ರಲ್ಲಿ ಮೊಲಗಳಲ್ಲಿ ತೋರಿಸಿದರು: ಟೈಟೇನಿಯಂ ಮೇಲ್ಮೈಗೆ ಚೂರೇ ಚೂರು ಫ್ಲೋರೈಡ್ ತಾಗಿಸಿದರೆ ಎಲುಬಿನ ಹಿಡಿತ ಬಿಗಿಯಾಗುತ್ತದೆ. 2004ರಲ್ಲಿ ಸ್ವೀಡನ್ನಿನ ಆಸ್ಟ್ರಾ ಟೆಕ್ ಕಂಪನಿ ತೆಳು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದಿದ ಇಂಪ್ಲಾಂಟ್ ಹೊರತಂದಿತು. ಹನಿಯಷ್ಟಿದ್ದರೆ ಮದ್ದು, ಬೋಗುಣಿ ತುಂಬಿದರೆ ವಿಷ.

ಹಾಗಾದರೆ ನಮ್ಮ ಬೋರ್‌ವೆಲ್ ನೀರು ಆ ತೊಗಲನ್ನು ತಿನ್ನುತ್ತದೆಯೇ? ಜಪಾನಿನ ನಾಕಾಗಾವಾ ಮತ್ತು ಜೊತೆಗಾರರು 1999ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಫ್ಲೋರೈಡ್ ಒಂದೇ ಬಂದರೆ ಟೈಟೇನಿಯಂಗೆ ಏನೂ ಆಗುವುದಿಲ್ಲ. ಜೊತೆಗೆ ಹುಳಿಯೂ, ಅಂದರೆ ಆಮ್ಲವೂ, ಸೇರಬೇಕು. ಆಗ ಎರಡೂ ಕೂಡಿ ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. ಅದು ಲೀಟರಿಗೆ 30 ಮಿಲಿಗ್ರಾಂ ದಾಟಿದರೆ ಆಕ್ಸೈಡ್ ತೊಗಲು ಹರಿಯುತ್ತದೆ. ನಮ್ಮ ಬೋರ್‌ವೆಲ್ ನೀರು ಹುಳಿಯಲ್ಲ, ಗಡಸು ನೀರು, ಹೆಚ್ಚಾಗಿ ಕ್ಷಾರದ ಕಡೆಯೇ ವಾಲುತ್ತದೆ. ಮಿತಿಯ ಎರಡು ಮೂರು ಪಟ್ಟು ಫ್ಲೋರೈಡ್ ಇದ್ದರೂ ಆ 30ರ ಹತ್ತಿರ ಹೋಗುವುದಿಲ್ಲ. ದಿನಾ ಹಚ್ಚುವ ಮಾಮೂಲಿ ಪೇಸ್ಟಿನಲ್ಲಿ ಫ್ಲೋರೈಡ್ ಬಹಳ ಹೆಚ್ಚಿದ್ದರೂ ಅದು ಹುಳಿಯಲ್ಲ, ಹಾಗಾಗಿ ಅದರ ಭಯವೂ ಬೇಡ.

ಒಂದು ಕಡೆ ಮಾತ್ರ ಹುಷಾರು. ಹುಳುಕು ಆಗದಿರಲಿ ಎಂದು ಹಲ್ಲಿನ ಆಸ್ಪತ್ರೆಯಲ್ಲಿ ಹಚ್ಚುವ ಕೆಲವು ಫ್ಲೋರೈಡ್ ಜೆಲ್‌ಗಳು ಹುಳಿ, ಫ್ಲೋರೈಡೂ ಬಹಳ. ಟೈಟೇನಿಯಂ ಸ್ಕ್ರೂ ಇರುವವರಿಗೆ ಅಂಥ ಜೆಲ್ ಹಚ್ಚಬಾರದು. ಯಾವ ಡಾಕ್ಟರ ಹತ್ತಿರ ಹೋದರೂ 'ನನಗೆ ಇಂಪ್ಲಾಂಟ್ ಐತ್ರೀ' ಎಂದು ಮೊದಲೇ ಹೇಳಿ.

ಇಷ್ಟು ತಿಳಿದುಕೊಂಡು ಮಾವನಿಗೆ ಫೋನ್ ಮಾಡಿದೆ. 'ಮಾಮಾ, ನೀರು ನಿಮ್ಮ ಸ್ಕ್ರೂನ ತಿನ್ನಂಗಿಲ್ಲ ಬಿಡ್ರಿ' ಎಂದೆ. ಅವರು ಖುಷಿಯಾದರು. ನನಗೆ ಸಮಾಧಾನವಾಗಲಿಲ್ಲ. ಯಾಕೆಂದರೆ ಅವರ ಹಲ್ಲನ್ನು ನೀರು ತಿಂದಿತ್ತು ಅನ್ನುವುದೇ ಪೂರ್ತಿ ಸರಿಯಲ್ಲ. ಅವರ ಮುಂದಿನ ಹಲ್ಲಿನ ಕಂದು ಪಟ್ಟೆ ನೀರಿನದ್ದೇ, ಅನುಮಾನವಿಲ್ಲ. ಆದರೆ ಆ ಎರಡು ದವಡೆ ಹಲ್ಲು ಬಿದ್ದದ್ದು ವಸಡಿನ ರೋಗದಿಂದ. ವರ್ಷಗಟ್ಟಲೆ ವಸಡಿನಲ್ಲಿ ರಕ್ತ, ಬಾಯಿ ವಾಸನೆ, ಆಮೇಲೆ ಅಲುಗಾಟ, ಜೊತೆಗೆ ದಿನಕ್ಕೊಂದು ಕಟ್ಟು ಬೀಡಿ. ಹಲ್ಲು ಹುಳುಕಾಗಿರಲಿಲ್ಲ, ಅದನ್ನು ಹಿಡಿದಿದ್ದ ಎಲುಬು ಕರಗಿತ್ತು. ಆ ರೋಗ ಹಲ್ಲಿನ ಜೊತೆ ಹೋಗಿಲ್ಲ, ಬಾಯಲ್ಲೇ ಇದೆ.

ಸ್ಕ್ರೂವಿನ ಒರಟು ಮೈಯ ಇನ್ನೊಂದು ಮುಖ ಕಾಣುವುದು ಇಲ್ಲಿ. ಎಲುಬಿಗೆ ಒರಟು ಬೇಕು, ಹೌದು. ಬ್ಯಾಕ್ಟೀರಿಯಾಗಳಿಗೂ ಒರಟೇ ಬೇಕು. ಕೆರೆಯ ನುಣುಪು ಮೆಟ್ಟಿಲ ಮೇಲಿನ ಪಾಚಿಯನ್ನು ಒಮ್ಮೆ ಉಜ್ಜಿದರೆ ಹೋಗುತ್ತದೆ, ಕಚ್ಚು ಹೊಡೆದ ಕಲ್ಲಿನ ತಗ್ಗಿನಲ್ಲಿ ಕೂತ ಪಾಚಿ ಹೋಗುವುದಿಲ್ಲ. ಒರಟು ಭಾಗ ಎಲುಬಿನೊಳಗೆ ಹುಗಿದಿರುವ ತನಕ ಚಿಂತೆಯಿಲ್ಲ. ವಸಡು ಕೆಟ್ಟು, ಎಲುಬು ಸ್ವಲ್ಪ ಇಳಿದು, ಆ ಒರಟು ಮೈ ಬಾಯಿಗೆ ತೆರೆದುಕೊಂಡಿತೋ, ಅಲ್ಲಿ ಬ್ಯಾಕ್ಟೀರಿಯಾ ಲೋಳೆ ಕಟ್ಟಿ ಮನೆ ಮಾಡುತ್ತವೆ. ಬ್ರಷ್ಷಿನ ಕೂದಲು ಆ ಗುಳಿಯೊಳಗೆ ಹೋಗುವುದಿಲ್ಲ.

ಹುಟ್ಟು ಹಲ್ಲಿಗೂ ಸ್ಕ್ರೂವಿಗೂ ಇರುವ ಮುಖ್ಯ ವ್ಯತ್ಯಾಸವೂ ಇಲ್ಲೇ ಇದೆ. ನಿಜವಾದ ಹಲ್ಲಿನ ಬೇರಿಗೆ ವಸಡಿನ ನಾರುಗಳು ನೆಟ್ಟಗೆ ಚುಚ್ಚಿಕೊಂಡು ಬಿಗಿಯಾಗಿ ಕಟ್ಟಿರುತ್ತವೆ, ಹೊರಗಿನ ಕೊಳೆ ಸುಲಭಕ್ಕೆ ಕೆಳಗಿಳಿಯದು. ಸ್ಕ್ರೂವಿನ ಸುತ್ತ ಆ ನಾರುಗಳು ಒಳಗೆ ಚುಚ್ಚುವುದಿಲ್ಲ, ಪಕ್ಕದಲ್ಲಿ ಸುಮ್ಮನೆ ಒರಗಿ ನಿಂತಿರುತ್ತವೆ. ಗಿಡ ನೆಲ ಹಿಡಿದದ್ದಕ್ಕೂ ಗೂಟ ನೆಲ ಹಿಡಿದದ್ದಕ್ಕೂ ಇರುವ ವ್ಯತ್ಯಾಸ. ಗೂಟದ ಸುತ್ತ ಮಳೆ ನೀರು ಇಳಿಯುತ್ತದೆ.

ಗೋಥೆನ್‌ಬರ್ಗ್‌ನವರೇ 2007ರಲ್ಲಿ ನಾಯಿಗಳಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಸ್ಕ್ರೂ ಸುತ್ತ ಬೇಕೆಂದೇ ವಸಡಿನ ರೋಗ ಬರಿಸಿ, ಆಮೇಲೆ ಸುಮ್ಮನೆ ಬಿಟ್ಟರು. ಒರಟು ಮೈಯ ಸ್ಕ್ರೂ ಸುತ್ತ ರೋಗ ನುಣುಪು ಸ್ಕ್ರೂಗಿಂತ ಹೆಚ್ಚು ಮುಂದುವರಿಯಿತು. ನಾಯಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಅಷ್ಟೇ ಜೋರೇ ಎಂಬ ಬಗ್ಗೆ ತಜ್ಞರ ಜಗಳ ಇನ್ನೂ ಮುಗಿದಿಲ್ಲ. ಆದರೆ 2016ರಲ್ಲಿ ಸ್ವೀಡನ್ನಿನಲ್ಲಿ 588 ಜನರನ್ನು ಇಂಪ್ಲಾಂಟ್ ಹಾಕಿ ಒಂಬತ್ತು ವರ್ಷದ ಮೇಲೆ ಕರೆದು ನೋಡಿದಾಗ, ನೂರಕ್ಕೆ 14.5 ಮಂದಿಗೆ ಸ್ಕ್ರೂ ಸುತ್ತಲಿನ ರೋಗ ಮಧ್ಯಮ ಅಥವಾ ತೀವ್ರ ಹಂತಕ್ಕೆ ಹೋಗಿತ್ತು. ಬೀಡಿ ಸಿಗರೇಟು ಸೇದುವವರಿಗೆ, ಮೊದಲೇ ವಸಡಿನ ರೋಗದಲ್ಲಿ ಹಲ್ಲು ಕಳೆದುಕೊಂಡವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಈ ಅಪಾಯ ಹೆಚ್ಚು. ಮಾವ ಆ ಮೂರರಲ್ಲಿ ಎರಡಕ್ಕೆ ಸೇರಿದವರು.

ಹಾಗಾಗಿ ಮೇಲ್ಮೈಯ ಇತಿಹಾಸ ಒಂದು ರಾಜಿಯ ಕಥೆ. ಸ್ವಿಸ್ ಇಂಪ್ಲಾಂಟ್‌ಗಳು ಮೊದಲಿನಿಂದ ಒಂದು ಜಾಣತನ ಮಾಡಿದ್ದವು: ಎಲುಬಿನೊಳಗಿನ ಭಾಗ ಒರಟು, ವಸಡಿನ ಭಾಗಕ್ಕೆ ಬರುವ ಕುತ್ತಿಗೆ ಎರಡು ಮೂರು ಮಿಲಿಮೀಟರಿನಷ್ಟು ಪಾಲಿಶ್. ಕೆಳಗೆ ಗೌಂಡಿಯ ಕಚ್ಚು, ಮೇಲೆ ಉಜ್ಜಿದ ನೆಲ. ನಾನು ವೈದ್ಯನಲ್ಲ, ಆದರೂ ಇದೇ ಸರಿಯಾದ ಯೋಚನೆ ಅನ್ನಿಸುತ್ತದೆ ನನಗೆ. ನಲವತ್ತು ವರ್ಷ ನಿಂತ ಲಾರ್ಸನ್ ಅವರ ಸ್ಕ್ರೂ ಪೂರ್ತಿ ನುಣುಪಿನದ್ದು ಎಂಬುದನ್ನು ಮರೆಯಬೇಡಿ. ಒರಟು ಮಾಡಿದ್ದು ಬೇಗ ಹಿಡಿಯಲಿ ಎಂದು, ಮೆದು ಎಲುಬಿನಲ್ಲೂ ನಿಲ್ಲಲಿ ಎಂದು. ಹಿಡಿದ ಮೇಲೆ ಉಳಿಸಿಕೊಳ್ಳುವುದು ಬೇರೆಯೇ ಕೆಲಸ.

ಎಲುಬು ಬರಲಿ, ಬ್ಯಾಕ್ಟೀರಿಯಾ ಬಾರದಿರಲಿ ಅನ್ನುವ ಮೇಲ್ಮೈ ಸಾಧ್ಯವೇ ಎಂದು ಈಗ ಹುಡುಕುತ್ತಿದ್ದಾರೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಅದರಲ್ಲಿದ್ದಾರೆ. ಮಳೆಗಾಲದಲ್ಲಿ ಹೊಲದ ಮೇಲೆ ಹಾರುವ ಏರೋಪ್ಲೇನ್ ಚಿಟ್ಟೆ ಗೊತ್ತಲ್ಲ? ಅದರ ರೆಕ್ಕೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳಿವೆ, ಮೇಲೆ ಕೂತ ಬ್ಯಾಕ್ಟೀರಿಯಾದ ಪೊರೆ ಅದರಿಂದ ಹರಿಯುತ್ತದೆ. ಸಂಸ್ಥೆಯ ಕೌಶಿಕ್ ಚಟರ್ಜಿ ಅವರ ತಂಡ ಅಂಥದ್ದೇ ಮುಳ್ಳುಗಳನ್ನು ಟೈಟೇನಿಯಂ ಮೇಲೆ ಎಬ್ಬಿಸಿ 2017ರಲ್ಲಿ ವರದಿ ಮಾಡಿತು. ಬೆಳಕನ್ನು ನುಂಗಿ ಲೋಹ ಕಪ್ಪಾಗಿ ಕಾಣುತ್ತದೆ, ಅದಕ್ಕೇ ಕರಿ ಟೈಟೇನಿಯಂ ಎಂದು ಹೆಸರು. ಪ್ರಯೋಗಾಲಯದಲ್ಲಿ ಅದು ಬ್ಯಾಕ್ಟೀರಿಯಾಗಳನ್ನು ಕೊಂದಿತು, ಮನುಷ್ಯನ ಜೀವಕೋಶಗಳನ್ನು ಬೆಳೆಯಲು ಬಿಟ್ಟಿತು. ಅವರ ಗುರಿ ಮೂಳೆ ಚಿಕಿತ್ಸೆಯ ಲೋಹಗಳು.

ನಮ್ಮ ಹಳ್ಳಿಗಳಲ್ಲಿ ಇಷ್ಟು ದುಡ್ಡಿನ ಚಿಕಿತ್ಸೆ ಮಾಡಿಸಿಕೊಳ್ಳುವವರು ಎಷ್ಟು ಮಂದಿ, ಇದೆಲ್ಲ ಯಾಕೆ ಎಂದು ಕೇಳಬಹುದು. ಹಲ್ಲಿಲ್ಲದ ಬಡ ಹಿರಿಯರಿಗೆ ಸರ್ಕಾರದ ದಂತ ಭಾಗ್ಯ ಯೋಜನೆ ಇದೆ, ಅದು ಕೊಡುವುದು ತೆಗೆದು ಹಾಕುವ ಹಲ್ಲಿನ ಸೆಟ್. ಸ್ಕ್ರೂ ಹಲ್ಲು ಸ್ವಂತ ರೊಕ್ಕದ್ದು. ಬೆಂಗಳೂರಿನ ಸಂಬಳ, ಶೇಂಗಾ ಮಾರಿದ ದುಡ್ಡು, ಸಂಘದ ಸಾಲ. ಹಾಗೆ ಹಾಕಿಸಿಕೊಳ್ಳುವವರು ನಮ್ಮ ಊರುಗಳಲ್ಲೂ ವರ್ಷ ವರ್ಷ ಹೆಚ್ಚುತ್ತಿದ್ದಾರೆ. ಹಾಕಿಸಿಕೊಂಡ ಮೇಲೆ ಆರು ತಿಂಗಳಿಗೊಮ್ಮೆ ತೋರಿಸಲು ಒಂದು ದಿನದ ಕೂಲಿ, ಬಸ್ ಚಾರ್ಜು ಕಳೆದುಕೊಂಡು ಹೋಗುವವರು ಕಡಿಮೆ. ಯಾವ ಮೇಲ್ಮೈಯೂ ಆ ಕೊರತೆ ತುಂಬಿಸುವುದಿಲ್ಲ.

ಮಾವನ ಬಾಯಲ್ಲಿರುವುದು ಯಾವ ಮೈಯ ಸ್ಕ್ರೂ ಎಂದು ತಿಳಿಯಲು ಹೋದ ತಿಂಗಳು ಅವರ ಚೀಟಿಗಳನ್ನು ಕೇಳಿದೆ. ಅವರ ಹತ್ತಿರ ಇದ್ದದ್ದು ಔಷಧಿ ಬರೆದ ಒಂದು ಹಾಳೆ ಮತ್ತು ರೊಕ್ಕ ಕೊಟ್ಟ ರಸೀದಿ. ಕಂಪನಿ ಹೆಸರಿಲ್ಲ, ಅಳತೆ ಇಲ್ಲ. ಪ್ರತಿ ಇಂಪ್ಲಾಂಟ್ ಡಬ್ಬಿಯ ಮೇಲೂ ಕಿತ್ತು ಅಂಟಿಸುವ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಕಂಪನಿ, ಉದ್ದ, ದಪ್ಪ, ಬ್ಯಾಚ್ ನಂಬರ್ ಎಲ್ಲ ಇರುತ್ತದೆ. ಹತ್ತು ವರ್ಷದ ಮೇಲೆ ಮೇಲಿನ ಹಲ್ಲು ಸಡಿಲಾದರೆ ಬೇರೆ ಡಾಕ್ಟರು ಯಾವ ಸಲಕರಣೆ ಹಾಕಿ ತಿರುಗಿಸಬೇಕು ಎಂದು ತಿಳಿಯುವುದು ಆ ಸ್ಟಿಕ್ಕರಿನಿಂದ. ಒಂದು ಕಂಪನಿಯ ಪಾನಾ ಇನ್ನೊಂದಕ್ಕೆ ಹಿಡಿಯುವುದಿಲ್ಲ.

ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಇಬ್ಬರೂ ಬೈಕ್ ಮೇಲೆ ಹೋದೆವು. ಮೊದಲು 'ಅದೆಲ್ಲಾ ನಿಮಗ್ಯಾಕ್ರೀ' ಅಂದರು. ಮಾವ ಖುರ್ಚಿಯ ಮೇಲೆ ಕೂತರು, ಏಳಲಿಲ್ಲ. ಒಂದು ತಾಸಿನ ಮೇಲೆ ಒಳಗಿನ ರಿಜಿಸ್ಟರ್ ಪುಸ್ತಕದಿಂದ ಎರಡು ಸ್ಟಿಕ್ಕರಿನ ಜೆರಾಕ್ಸ್ ಬಂತು. ಕಂಪನಿ ಹೆಸರು ಹಾಕಿ ಮೊಬೈಲಿನಲ್ಲಿ ನೋಡಿದೆ. ಕಣ ಬಡಿದು ಆಮ್ಲದಲ್ಲಿ ಅದ್ದಿದ ಮೈ ಎಂದು ಕಂಪನಿಯವರು ಬರೆದುಕೊಂಡಿದ್ದರು. ಅಲ್ಲಿಯೇ ಸ್ಕ್ರೂ ಸುತ್ತ ಸ್ವಚ್ಛ ಮಾಡಿಸಿ, ಹಲ್ಲಿನ ಸಂದಿಗೆ ಹೋಗುವ ಸಣ್ಣ ಬ್ರಷ್ ಎರಡು ಕೊಂಡೆವು.

ದಾರಿಯಲ್ಲಿ ಚಹಾಕ್ಕೆ ನಿಂತಾಗ ಮಾವ ಕಿಸೆಗೆ ಕೈ ಹಾಕಿ ಬೀಡಿ ಕಟ್ಟು ತೆಗೆದರು, ನನ್ನ ಮುಖ ನೋಡಿದರು, ಮತ್ತೆ ಒಳಗಿಟ್ಟರು. ಆಮೇಲೆ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಆ ಜೆರಾಕ್ಸನ್ನು ನಾಲ್ಕು ಮಡಿಕೆ ಮಾಡಿ, ಕಾರ್ಡಿನ ಹಿಂದೆ ಸೇರಿಸಿದರು.